ಉಣ್ಣದ ಕೌದಿ

ನೆಲೋಗಿ ದಾರಿಯಲ್ಲಿ ದೌಲತರಾಯನ ಕೆಂಪು ಕಾರು ಜಯಮಾಲಾಳಿಗೆ ಬಡಿಯಿತು. ಆಕೆ ಸತ್ತಿರಲಿಲ್ಲ. ಕೇರಿಯ ಮಂದಿ ಓಡಿ ಬಂದರು. ತಾಯಿ ಕಾಶಿಬಾಯಿ, ಅಂಗಳದಲ್ಲಿ ಕೂತು ಹೊಲಿಯುತ್ತಿದ್ದ ಕೌದಿಯನ್ನು ಸೂಜಿ ಸಮೇತ ಎತ್ತಿಕೊಂಡು ಓಡಿ ಬಂದಳು. ಕಾರಿಗೆ ಎರಡೇ ಬಾಗಿಲು, ಎರಡೇ ಸೀಟು. ಸೀಟುಗಳು ಬಿಳಿ ತೊಗಲಿನವು. ರಕ್ತ ಹತ್ತುತ್ತದೆಂದು ದೌಲತರಾಯ ಹುಡುಗಿಯನ್ನು ಸೀಟಿನ ಮೇಲೆ ಮಲಗಿಸಗೊಡಲಿಲ್ಲ. ಎಡಗಡೆ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಕೌದಿ ಹಾಸಿ, ಮೊಣಕಾಲನ್ನು ಎದೆಗೆ ಮಡಚಿ ಹಾಕಿಸಿದ. ತಾಯಿ ಹತ್ತಲು ಬಂದಾಗ ಜಾಗವಿಲ್ಲ ಅಂದ. ಬಿಳಿ ಸೀಟು ಖಾಲಿ ಇತ್ತು. ದವಾಖಾನೆಗೆ ಒಯ್ಯುತ್ತೇನೆಂದ. ಒಯ್ಯಲಿಲ್ಲ. ಮರುದಿನ ಜಯಮಾಲಾ ಭೀಮಾ ದಂಡೆಯ ಜಾಲಿಕಂಟಿಯಲ್ಲಿ ಸಿಕ್ಕಳು. ಕೌದಿ ಸಿಗಲಿಲ್ಲ. ಕೇರಿಯ ಮಂದಿ ಕಾರಿನ ಬಣ್ಣ ಹೇಳಿದರು, ಕಾರು ನಡೆಸಿದವನ ಹೆಸರು ಹೇಳಿದರು. ಪೊಲೀಸರು ಗುರುತು ಸಿಗದ ವಾಹನ ಎಂದು ಬರೆದುಕೊಂಡರು.

ಎರಡು ಬೇಸಿಗೆ ಕಳೆದ ಮೇಲೆ ಆ ಕಾರಿನ ಕಾರ್ಪೆಟ್ ಬದಲಿಸಲು ಅಮೀರ ಬಂದ.

ಅಮೀರ ಆಳಂದದವನು. ಆದರೆ ಮೀಸೆ ಮೂಡುವ ಮೊದಲೇ ಹೈದರಾಬಾದು ಸೇರಿ, ಅಲ್ಲಿನ ಕುಷನ್ ಅಂಗಡಿಗಳಲ್ಲಿ ಕೈ ಪಳಗಿಸಿಕೊಂಡವನು. ಸೀಟು ಹೊಲಿಯುವುದು, ಛಾವಣಿಯ ಬಟ್ಟೆ ಎಳೆದು ಕೂರಿಸುವುದು, ನೆಲಕ್ಕೆ ಕಾರ್ಪೆಟ್ ಅಂಟಿಸುವುದು, ಯಾವುದಕ್ಕೂ ಇನ್ನೊಬ್ಬರನ್ನು ಕೇಳಬೇಕಾಗಿರಲಿಲ್ಲ. ಈಗ ಊರಿಗೆ ಮರಳಿ ಸ್ವಂತ ಅಂಗಡಿ ತೆರೆಯಬೇಕೆಂದಿದ್ದ. ಕಟ್ಟಡ ಇನ್ನೂ ಗೊತ್ತಾಗಿರಲಿಲ್ಲ, ಬೋರ್ಡು ಬರೆಸಿರಲಿಲ್ಲ. ಯಾರಾದರೂ ಅಂಗಡಿ ಎಲ್ಲಿ ಎಂದು ಕೇಳಿದರೆ ಎರಡೂ ಅಂಗೈ ಮುಂದೆ ಚಾಚಿ, “ಇಲ್ಲೇ ಅದ ನೋಡ್ರಿ, ಶಟರ್ ಎತ್ತಿದ್ದೇ ಅದ” ಎಂದು ನಗುತ್ತಿದ್ದ. ದೌಲತರಾಯನ ಮಗಳು ಪಲ್ಲವಿಯ ಮದುವೆ ಹತ್ತಿರ ಬಂದಿತ್ತು. ಆ ಕೆಂಪು ಕಾರೇ ಬೇಕೆಂದು ಗಂಡಿನ ಕಡೆಯವರು ಪಟ್ಟು ಹಿಡಿದಿದ್ದರು. ಮದುವೆಗೆ ಆಳಂದ, ಅಫಜಲಪುರ, ಜೇವರ್ಗಿಯ ದೊಡ್ಡಮಂದಿಯೆಲ್ಲ ಬರುವವರು. ಅವರೆಲ್ಲರ ಕಣ್ಣು ತನ್ನ ಕೈಕೆಲಸದ ಮೇಲೆ ಬೀಳುತ್ತದೆಂಬುದು ಅಮೀರನ ಲೆಕ್ಕಾಚಾರ.

ಕಾರು ಇಜೇರಿಯಾಚೆ ದೌಲತರಾಯನ ತೋಟದ ಮನೆಯ ತಗಡಿನ ಶೆಡ್ಡಿನಲ್ಲಿತ್ತು. ಆ ತೋಟದಲ್ಲಿ ಆಳುಗಳಿಗೆ ರೊಟ್ಟಿ ಬಡಿಯುವ ಮದೀನಾಬಿ ಅಮೀರನ ತಾಯಿಯ ಅಕ್ಕ. ಅವನು ಸಾಮಾನು ಇಳಿಸುತ್ತಿದ್ದಂತೆ ಆಕೆ ಒಲೆ ಬಿಟ್ಟು ಎದ್ದು ಬಂದಳು. ಕೈಯಲ್ಲಿ ಜೋಳದ ರೊಟ್ಟಿಯ ತುಣುಕು, ಅದರ ಮೇಲೆ ಚಿಟಿಕೆ ಬೆಲ್ಲ.

“ಕಾರಿನಾಗ ಕೈ ಹಾಕೂಕಿಂತ ಮೊದಲ ಇದನ್ನ ಎಡಗಡಿ ಬಾಗಲದಾಗ ಇಡು ಬೇಟಾ.”

“ಯಾಕ ಖಾಲಾ? ನಿಮ್ಮ ಸಾಹುಕಾರ ಪೆಟ್ರೋಲ್ ಹಾಕೂದು ಬಿಟ್ಟು ರೊಟ್ಟಿ ಮ್ಯಾಲ ಓಡಸಾಕತ್ತಾನೇನು?”

“ನಗಬ್ಯಾಡ. ನೆಲೋಗಿ ಹುಡುಗಿ ಮಲಗಿದ ಜಾಗಾ ಅದು. ಆಕಿ ಕೆಳಗ ಹಾಸಿದ ಕೌದಿ ಉಂಡಿದ್ದಿಲ್ಲ.”

ಅಮೀರನಿಗೆ ಆ ಮಾತು ಗೊತ್ತಿಲ್ಲದ್ದೇನಲ್ಲ. ಅವನ ತಾಯಿಯೂ ಕೌದಿ ಹೊಲಿದವಳೇ. ಹಳೆ ಸೀರೆ, ಹರಿದ ಅಂಗಿ, ತೀರಿಹೋದವರ ಧೋತರ ಎಲ್ಲ ಸೇರಿಸಿ, ಅಂಚಿನಿಂದ ನಡುವಿಗೆ ಹೊಲಿಯುತ್ತ ಬಂದು, ಕಟ್ಟಕಡೆಗೆ ಉಳಿದ ನಾಲ್ಕನೇ ಮೂಲೆ ಮುಚ್ಚುವ ಮೊದಲು ಅದರೊಳಗೆ ಚೂರು ರೊಟ್ಟಿ, ಚೂರು ಬೆಲ್ಲ ಇಡುತ್ತಿದ್ದಳು. ಕೌದಿಗೆ ಉಣಿಸುವುದು ಅನ್ನುತ್ತಿದ್ದರು ಅದಕ್ಕೆ. ಬಾಣಂತಿಯನ್ನು, ಬೇನೆ ಬಿದ್ದವರನ್ನು, ಹಸುಗೂಸನ್ನು ಬೆಚ್ಚಗಿಡುವ ಬಟ್ಟೆ ತಾನು ಹಸಿದಿರಬಾರದು. ಉಣ್ಣದ ಕೌದಿಯ ಮೇಲೆ ಯಾರೂ ಮೈ ಚಾಚುತ್ತಿರಲಿಲ್ಲ.

“ಮೂರು ಮೂಲಿ ಹೊಲದಿದ್ಳಂತ ಕಾಶಿಬಾಯಿ. ನಾಕನೇದು ಬಾಯಿ ತಕ್ಕೊಂಡೇ ಅದ,” ಮದೀನಾಬಿ ದನಿ ತಗ್ಗಿಸಿದಳು. “ಆಕಿ ಮಾಟಾ ಮಾಡ್ಯಾಳ ಅಂತಾರ ಮಂದಿ. ಮಾಡ್ಯಾಳೋ ಬಿಟ್ಟಾಳೋ ಅಲ್ಲಾಗ ಗೊತ್ತು. ನಾ ಅಂತೂ ದಿನಾ ಒಂದು ತುಣುಕ ಇಟ್ಟು ಬರ್ತೇನಿ. ಮತ್ತ ನೋಡೂದ್ರಾಗ ಇರಂಗಿಲ್ಲ.”

“ಇಲಿ ತಿಂತಾವ ಖಾಲಾ.”

“ಇಲಿ ಎಲ್ಲಿವು? ಆ ಶೆಡ್ಡಿನಾಗ ಇರಿವಿ ಸುದ್ದಾ ಹಣಕಿ ಹಾಕಂಗಿಲ್ಲ. ತೋಟದ ನಾಯಿ ಒಳಗ ಹೋದದ್ದು ತಿರುಗಿ ಬಂದಿಲ್ಲ.”

ಅಮೀರ ಆಕೆಯ ಕೈಯಿಂದ ತುಣುಕು ತಗೊಂಡ. ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಆಮೇಲೆ ಕಣ್ಣು ಹೊಡೆದು, ಅದನ್ನು ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟ.

“ನೋಡು, ಕಾರಿನ ಪಾಲು ನಾ ತಿಂದೆ. ಬೇಕಾದ್ರ ಅದು ನನ್ನ ತಿನ್ನಲಿ.”

ಮದೀನಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. “ತೋಬಾ ತೋಬಾ! ನಾಲಿಗಿ ಕಡಕೋಲೇ ಹುಚ್ಚ ಖೋಡಿ!”

ಅಷ್ಟರಲ್ಲಿ ಕೋಲಿನ ಸದ್ದು ಕೇಳಿತು. ದೌಲತರಾಯ ಕುಂಟುತ್ತ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಬೆರಳಿಗೆ ಉಂಗುರ. ಎಡಗಾಲಿನ ಎರಡು ಬೆರಳು ಹೋಗಿದ್ದವು. ಸಕ್ಕರೆ ಬೇನೆ ಎಂದು ಹೇಳಿಕೊಳ್ಳುತ್ತಿದ್ದ. ಹುಡುಗಿ ಸತ್ತ ಮೇಲೆ ಆತ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಡ್ರೈವರ್ ಶಿವರಾಯ ನಡೆಸುವುದು, ತಾನು ಎಡಗಡೆ ಕೂರುವುದು. ಆ ಕಾಲು ಇರುತ್ತಿದ್ದುದು ಎಲ್ಲಿ ಎಂದು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

“ಕಾರ್ಪೆಟ್ ಉಬ್ಬೇದ. ಹಳೇದು ಎಬ್ಬಸಾಕ ಹೋಗಬ್ಯಾಡ. ಅದರ ಮ್ಯಾಲೇ ಹೊಸಾದು ಹಚ್ಚು.”

“ಹಂಗ ಹಚ್ಚಿದ್ರ ನಿಂದ್ರಂಗಿಲ್ರಿ ಸಾಹುಕಾರ್ರ. ಸಲ್ಯೂಷನ್ ಮ್ಯಾಲ ಸಲ್ಯೂಷನ್ ಹಿಡಿಯಂಗಿಲ್ಲ. ಮದುವಿ ದಿನಾನೇ ಎದ್ದು ಕುಂದರ್ತದ ನೋಡ್ರಿ. ಮೊದಲು ಯಾರು ಹಚ್ಚಿದ್ರಿ ಇದನ್ನ?”

ದೌಲತರಾಯ ಮುಖ ತಿರುಗಿಸಿದ. ಹಚ್ಚಿದವನು ತಾನೇ. ಜೀವಮಾನದಲ್ಲಿ ಹುಲ್ಲುಕಡ್ಡಿ ಎತ್ತಿಡದವನು, ಯಾವ ಆಳೂ ಒಳಗಿನದನ್ನು ನೋಡಬಾರದೆಂದು, ಸಲ್ಯೂಷನ್ ಅಂಟಿನ ಡಬ್ಬಿಯನ್ನೇ ಬೋರಲು ಸುರಿದು, ಎಷ್ಟು ಎಳೆದರೂ ಏಳದೆ ನೆಲಕ್ಕೆ ಕಚ್ಚಿಕೊಂಡಿದ್ದುದರ ಮೇಲೆಯೇ ಹೊಸ ಕಾರ್ಪೆಟ್ ಒತ್ತಿ ಅಂಟಿಸಿದ್ದ. ಅವನು ತನ್ನ ಕೈಯಾರೆ ಮಾಡಿದ ಕೆಲಸ ಎಂದರೆ ಅದೊಂದೇ.

“ಹೇಳಿದಷ್ಟು ಮಾಡು. ಮತ್ತ ಕೇಳಿಲ್ಲಿ, ಸೀಟಿಗೆ ಹೊಲಸ ಕೈ ಹಚ್ಚಿಗಿಚ್ಚೀ,” ಎಂದು ಕೋಲು ಊರಿಕೊಂಡು ಹೋದ.

ಹೇಳಿದಷ್ಟೇ ಮಾಡಿದ್ದರೆ ಅಮೀರನಿಗೆ ಏನೂ ಆಗುತ್ತಿರಲಿಲ್ಲವೇನೋ. ಆದರೆ ಉಬ್ಬಿದ ಕಾರ್ಪೆಟ್ ಮೇಲೆ ಇನ್ನೊಂದು ಹಚ್ಚಿ, ಇದು ನನ್ನ ಕೆಲಸ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದು ಅವನಿಂದಾಗದ ಮಾತು. ಅವನು ಶೆಡ್ಡಿನ ಬಾಗಿಲು ಅರ್ಧ ಮುಚ್ಚಿಕೊಂಡು, ಹೀಟ್ ಗನ್ನಿನ ವಾಯರು ಸಿಕ್ಕಿಸಿ, ಕೆಲಸಕ್ಕೆ ಕೂತ.

ಹೊರಗೆ ಬಿಸಿಲು ತೊಗರಿ ಕಟ್ಟಿಗೆಯನ್ನು ಸಿಡಿಸುತ್ತಿತ್ತು. ತಗಡು ಆಗಾಗ ‘ಟಣ್’ ಎನ್ನುತ್ತಿತ್ತು. ಒಳಗೆ ಕಾದ ರಬ್ಬರಿನ ವಾಸನೆ, ಹಳೇ ತೊಗಲಿನ ವಾಸನೆ, ಮೂಗು ಸುಡುವ ತಿನ್ನರಿನ ವಾಸನೆ. ಬಲಗಡೆಯ ಕಾರ್ಪೆಟ್ ಸರಾಗ ಬಂತು. ಬಿಸಿಗಾಳಿ ತೋರಿಸಿ, ಚಪ್ಪಟೆ ಕಬ್ಬಿಣದ ಪತ್ತಿ ತೂರಿಸಿ ಎತ್ತಿದರೆ ದೋಸೆಯಂತೆ ಏಳುತ್ತಿತ್ತು. ಅಮೀರ ಶಿಳ್ಳೆ ಹಾಕುತ್ತ ಎಡಗಡೆಗೆ ಬಂದ. ಸೀಟನ್ನು ಹಿಂದೆ ಸರಿಸಿ, ನೆಲಕ್ಕೆ ಮೊಣಕಾಲೂರಿ, ತಲೆ ಒಳಗಿಟ್ಟ.

ವಾಸನೆ ಬದಲಾಯಿತು.

ರಬ್ಬರಿಲ್ಲ, ತಿನ್ನರಿಲ್ಲ. ಹೆಂಚಿನ ಮೇಲೆ ಉಬ್ಬುವ ರೊಟ್ಟಿಯ ವಾಸನೆ. ಎಷ್ಟು ಹತ್ತಿರವೆಂದರೆ ಹಿಟ್ಟಿನ ಬಿಸಿ ಮುಖಕ್ಕೆ ತಗುಲಿದಂತಾಯಿತು. ಅಮೀರನ ಹೊಟ್ಟೆಯಲ್ಲಿ ಏನೋ ಮುರಿದಂತೆ ಹಸಿವು ಎದ್ದಿತು. ಬೆಳಿಗ್ಗೆ ಮೂರು ರೊಟ್ಟಿ ತಿಂದು ಬಂದಿದ್ದ. ಆದರೂ ಬಾಯಲ್ಲಿ ನೀರು ತುಂಬಿತು. ಖಾಲಾ ಹೊರಗೆ ರೊಟ್ಟಿ ಬಡಿಯುತ್ತಿರಬೇಕು ಎಂದುಕೊಂಡ. ಹೊರಗೆ ಬಡಿಯುವ ಸದ್ದಿರಲಿಲ್ಲ.

ಪತ್ತಿ ತೂರಿಸಿದ. ಕಾರ್ಪೆಟ್ ಏಳಲಿಲ್ಲ. ಬಿಸಿ ಹೆಚ್ಚಿಸಿದ. ಅಂಚು ಹಿಡಿದು ಎರಡೂ ಕೈಯಿಂದ ಎಳೆದ. ಒಳಗಿನಿಂದ ಅದನ್ನು ಯಾರೋ ಹಿಡಿದುಕೊಂಡಿದ್ದರು. ಅಂಟು ಎಳೆಯುವ ಬಗೆಯೇ ಬೇರೆ, ಅವನ ಕೈಗೆ ಅದು ಗೊತ್ತು. ಇದು ಕೈ ಎಳೆದಂತಿತ್ತು. ಎಳೆದರೆ ಬಿಗಿಯುವುದು, ಬಿಟ್ಟರೆ ಸಡಿಲವಾಗುವುದು.

“ಅರೇ ನಿನ್ನ,” ಎಂದು ಹಲ್ಲು ಕಚ್ಚಿ ಕಾಲು ಊರಿ ಜಗ್ಗಿದ. ಚರ್ರನೆ ಹರಿದು ಬಂತು.

ಕೆಳಗೆ ಕೌದಿ ಇತ್ತು.

ಸಲ್ಯೂಷನ್ನಿನಲ್ಲಿ ತೊಯ್ದು ಒಣಗಿ, ಹಲಗೆಯಂತೆ ನೆಲಕ್ಕೆ ಕಚ್ಚಿಕೊಂಡಿತ್ತು. ನಡುವೆ ಕಪ್ಪಗೆ ದೊಡ್ಡ ಕಲೆ. ಮೊಣಕಾಲು ಮಡಚಿ ಮಲಗಿದ ಒಂದು ಮೈ ಎಷ್ಟಿರುತ್ತದೋ ಅಷ್ಟೇ ಕಲೆ. ಅಮೀರ ಪತ್ತಿ ಕೆಳಗಿಟ್ಟ. ನೆಲೋಗಿ ಹುಡುಗಿ ಎಂದು ಖಾಲಾ ಹೇಳಿದ್ದನ್ನು ಅವನು ಊರಿನ ಎಷ್ಟೋ ಸುದ್ದಿಯೊಳಗೆ ಒಂದು ಸುದ್ದಿ ಎಂದು ಕೇಳಿದ್ದ. ಸುದ್ದಿಗೆ ಅಳತೆ ಇರಲಿಲ್ಲ. ಇದಕ್ಕಿತ್ತು.

ಅವನು ಬಾಗಿ ನೋಡಿದ. ಹಸಿರು ಇಲಕಲ್ ಸೀರೆಯ ತುಂಡು, ಶಾಲೆಯ ನೀಲಿ ಲಂಗದ ತುಂಡು, ಹೂವಿನ ಪರಕಾರದ ತುಂಡು. ಹಾಗೇ ಕಣ್ಣು ಅಂಚಿಗೆ ಹೋಯಿತು. ಅಲ್ಲಿನ ತುಂಡುಗಳು ಸೀರೆಯವಲ್ಲ. ಒಂದಕ್ಕೆ ಕಂದು ಕೂದಲಿತ್ತು. ನಾಯಿಯ ತೊಗಲು. ಪಕ್ಕದಲ್ಲಿ ಕಪ್ಪು ಕಾಲುಚೀಲದ ತುದಿ. ಅದನ್ನು ಒಳಗಿರುವುದರ ಸಮೇತ ಹೊಲಿಯಲಾಗಿತ್ತು. ಎರಡು ಉಗುರು ಬಟ್ಟೆ ತೂರಿ ಹೊರಗೆ ಕಾಣುತ್ತಿದ್ದವು.

ನಾಲ್ಕನೇ ಮೂಲೆ ತೆರೆದೇ ಇತ್ತು. ಅದರ ತುಟಿಯಲ್ಲಿ ಸೂಜಿ ನಿಂತಿತ್ತು. ತುಕ್ಕಿರಲಿಲ್ಲ. ಫಳಫಳ ಹೊಳೆಯುತ್ತಿತ್ತು.

ಅಮೀರ ಹಿಂದೆ ಸರಿಯಲು ಎಡಗೈ ಊರಿದ. ಊರಿದ್ದು ಕೌದಿಯ ಮೇಲೆ.

ಸೂಜಿ ಜಾಗದಲ್ಲಿರಲಿಲ್ಲ.

ಅಂಗೈಯಲ್ಲಿ ಸಣ್ಣಗೆ ಚುರ್ರೆಂದಿತು. ಇರುವೆ ಕಚ್ಚಿದಷ್ಟು. ಮತ್ತೊಂದು. ಮತ್ತೊಂದು. ಕೈ ಎತ್ತಲು ನೋಡಿದ. ಕೈಯ ಜೊತೆ ಕೌದಿಯೂ ಎದ್ದಿತು. ಅಂಗೈಯಂಚಿನಲ್ಲಿ ಬಿಳಿ ದಾರ. ಸಮಸಮ ಹೊಲಿಗೆ. ಅಕ್ಕಿಕಾಳಿನಷ್ಟು ಒಂದೊಂದು. ಸೂಜಿ ಮೇಲೆ ಬಂತು. ಮುಳುಗಿತು. ಮೇಲೆ ಬಂತು. ಅದನ್ನು ಹಿಡಿದ ಕೈ ಇರಲಿಲ್ಲ. ಬಳೆಯ ಸದ್ದಿತ್ತು.

ರೊಟ್ಟಿಯ ವಾಸನೆ ದಟ್ಟವಾಯಿತು. ಹಸಿವು. ಕರುಳು ಹಿಂಡುವ ಹಸಿವು. ಅದು ತನ್ನದೋ ಅದರದೋ ತಿಳಿಯದಾಯಿತು. ಬಲಗೈಯಲ್ಲಿ ಬ್ಲೇಡು ಹಿಡಿದು ದಾರ ಕೊಯ್ದ. ದಾರ ಕಡಿಯಲಿಲ್ಲ. ಬ್ಲೇಡು ಮುರಿಯಿತು. ಹೆಬ್ಬೆರಳು ಹೊಲಿಗೆಯಾಯಿತು. ತೋರುಬೆರಳಿಗೆ ನಡುಬೆರಳು ಹೊಲಿಗೆಯಾಯಿತು. “ಖಾಲಾ!” ಎಂದು ಕೂಗಿದ. “ಖಾಲಾ ಬಾರ! ಬಾ!”

ಮದೀನಾಬಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ನೋಡಿದಳು. ಕಿರುಚಲಿಲ್ಲ. ಸೆರಗಿನಲ್ಲಿದ್ದ ರೊಟ್ಟಿ ಮುರಿದು ತೆರೆದ ಮೂಲೆಯ ಬಾಯಿಗೆ ಒತ್ತಿದಳು. ಇಷ್ಟು ದಿನ ಅವಳ ತುಣುಕನ್ನು ಉಳಿಸದೆ ತಿಂದ ಕೌದಿ ಇವತ್ತು ಅದನ್ನು ಹೊರಗೆ ತಳ್ಳಿತು. ತನ್ನ ಪಾಲು ತಿಂದವನನ್ನು ಅದು ಹಿಡಿದಿತ್ತು. ಬೇರೆ ರೊಟ್ಟಿ ಅದಕ್ಕೆ ಬೇಕಾಗಿರಲಿಲ್ಲ.

ಕೂಗು ಕೇಳಿ ದೌಲತರಾಯ ಬಂದ. ಬಾಗಿಲಲ್ಲಿ ಆತನ ನೆರಳು ಬಿದ್ದಾಗ, ಅಮೀರ ನೋವಿಗೆ ಆಧಾರಕ್ಕೆಂದು ತೋಳನ್ನು ಬಿಳಿ ಸೀಟಿಗೆ ಒರಗಿಸಿದ್ದ. ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು.

“ಸೀಟು!” ದೌಲತರಾಯ ಚೀರಿದ. “ಸೀಟಿಗೆ ಹತ್ತಾಕತ್ತದ ನೋಡಲೇ! ಕೈ ತಗಿ ಸೀಟಿನ ಮ್ಯಾಲಿಂದ!”

ಮದೀನಾಬಿ ತಿರುಗಿ ಆತನ ಮುಖ ನೋಡಿದಳು. ಆ ನೋಟ ದೌಲತರಾಯನಿಗೆ ಕಾಣಲಿಲ್ಲ. ಆತನಿಗೆ ಕಂಡದ್ದು ತೆರೆದುಕೊಂಡ ಕೌದಿ. ಮುಖ ಬೂದಿಯಾಯಿತು.

“ಎಬ್ಬಸಬ್ಯಾಡ ಅಂದಿದ್ನೋ ಇಲ್ಲೋ? ಮುಚ್ಚು ಅದನ್ನ. ಮುಚ್ಚು!” ಎನ್ನುತ್ತ ಬಾಗಿ, ಕೋಲಿನ ತುದಿಯಿಂದ ಹರಿದ ಕಾರ್ಪೆಟ್ಟನ್ನು ಕೌದಿಯ ಮೇಲೆ ಸರಿಸಲು ಹೋದ. ಕೋಲು ಕೌದಿಗೆ ಸಿಕ್ಕಿಕೊಂಡಿತು. ಜಗ್ಗಿದ. ಬೆರಳಿಲ್ಲದ ಎಡಗಾಲು ಜಾರಿತು. ಕಾಲು ನೆಟ್ಟಗೆ ಹೋಗಿ ಒಳಗೆ ಬಿತ್ತು.

ಕೌದಿಗೆ ಆ ಕಾಲಿನ ರುಚಿ ಗೊತ್ತಿತ್ತು.

ದಾರ ಅಮೀರನ ಕೈಯಲ್ಲಿ ಒಮ್ಮೆಲೇ ಸಡಿಲಾಯಿತು. ಅವನು ಉಸಿರು ಹಿಡಿದು, ಕಣ್ಣು ಮುಚ್ಚಿ, ಹಿಂದಕ್ಕೆ ಜಿಗಿದ. ಅಂಗೈಯ ತೊಗಲು ಅಲ್ಲೇ ಉಳಿಯಿತು. ಅವನು ಕಣ್ಣು ಬಿಟ್ಟಾಗ ಅದು ಕೌದಿಯಲ್ಲಿ ಒಂದು ತುಂಡಾಗಿ, ಹಸಿರು ಸೀರೆಯ ಪಕ್ಕ, ನಾಲ್ಕೂ ಕಡೆ ಹೊಲಿಗೆ ಬಿದ್ದು, ಅಂದವಾಗಿ ಕೂತಿತ್ತು.

ಆಮೇಲಿನದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೌದಿ ದೌಲತರಾಯನ ಪಾದ ಹಿಡಿಯಿತು. ಮೀನಖಂಡ ಹಿಡಿಯಿತು. ಇಸ್ತ್ರಿ ಅಂಗಿಯ ಚುಂಗು ಹಿಡಿದು ಎಳೆಯಿತು. ಆತ ಸೀಟಿನ ಅಂಚು ಹಿಡಿದುಕೊಂಡ. ಬಿಳಿ ತೊಗಲು ಜಾರಿತು. ಮೊಣಕಾಲು ಎದೆಗೆ ಬಂತು. ತಲೆ ಮೊಣಕಾಲಿಗೆ ಬಂತು. ದೊಡ್ಡ ಮೈ, ಸಣ್ಣ ಜಾಗ. ಎಲುಬು ಸದ್ದು ಮಾಡಿತು. ಕೌದಿಗೆ ಅವಸರವಿರಲಿಲ್ಲ. ಮಡಚಿತು. ಇನ್ನೂ ಮಡಚಿತು. ಕಪ್ಪು ಕಲೆಯಷ್ಟೇ ಅಗಲಕ್ಕೆ ಸರಿಹೋಗುವ ತನಕ ಮಡಚಿತು.

ಆತ ಸಾಯಲಿಲ್ಲ. ಉಸಿರಾಡುತ್ತಿದ್ದ. ಜಯಮಾಲಾಳೂ ಅಲ್ಲಿ ಉಸಿರಾಡಿದ್ದಳು.

“ಶಿವರಾಯಾ!” ಕಾಲಿಡುವ ಜಾಗದಿಂದ ಹಿಂಡಿದಂಥ ದನಿ ಬಂತು. “ಆಕಿನ್ನ ಕರ್ಕೊಂಬಾರಲೇ. ಕಾಶಿಬಾಯಿನ. ಹೆಂಗಿದ್ದಾಳ ಹಂಗ ಕರ್ಕೊಂಬಾ!”

ಶಿವರಾಯ ಜೀಪು ತಗೊಂಡು ನೆಲೋಗಿಗೆ ಓಡಿದ. ಅವನು ಬರುವ ತನಕ ಅಮೀರ ಶೆಡ್ಡಿನ ಗೋಡೆಗೆ ಆತು ಕೂತಿದ್ದ. ಮದೀನಾಬಿ ಅವನ ಕೈಗೆ ಅರಿವೆ ಸುತ್ತಿದ್ದಳು. ಹಸಿವು ಹೋಗಿರಲಿಲ್ಲ. ಬುಟ್ಟಿಯಲ್ಲಿದ್ದ ರೊಟ್ಟಿಯನ್ನೆಲ್ಲ ತಿಂದ. ಹಿಂಡಿ-ಚಟ್ನಿ ತಿಂದ. ಹಸಿ ಹಿಟ್ಟು ಮುಕ್ಕಿದ. ಬಾವಿಗೆ ಕಲ್ಲು ಹಾಕಿದಂತಾಯಿತು ಅಷ್ಟೇ. ಅರಿವೆ ಬಿಚ್ಚಿ ನೋಡಿದರೆ ಹೊಲಿಗೆ ನಿಂತಿರಲಿಲ್ಲ. ಉಂಗುರದ ಬೆರಳು ಕಿರುಬೆರಳಿಗೆ ಸೇರಿಹೋಗಿತ್ತು. ಮಣಿಕಟ್ಟಿನ ಮೇಲೆ ಹೊಸ ಹೊಲಿಗೆ ಒಂದೊಂದಾಗಿ ಮೂಡುತ್ತ, ತೋಳಿನ ಕಡೆ ನಡೆದಿತ್ತು. ಸೂಜಿ ಅಲ್ಲಿ ಕಾರಿನಲ್ಲಿ. ಚುಚ್ಚುವುದು ಇಲ್ಲಿ.

“ನನ್ನ ಕೈ, ಖಾಲಾ,” ಅಂದ. “ನನ್ನ ಕೈ.”

ಕಾಶಿಬಾಯಿ ಬಂದಳು. ಸಣಕಲು ಹೆಂಗಸು. ಬರಿಗಾಲು, ಮಾಸಿದ ಸೀರೆ. ಜೀಪಿನಿಂದ ಇಳಿದವಳು ಯಾರ ಮುಖವನ್ನೂ ನೋಡದೆ ನೇರ ಕಾರಿನ ಹತ್ತಿರ ಹೋದಳು. ಎಡಗಡೆ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಮಡಚಿ ಬಿದ್ದವನ ಮೇಲಿಂದ ಕೈ ಚಾಚಿ, ಹಸಿರು ಸೀರೆಯ ತುಂಡನ್ನು ಸವರಿದಳು. ನೀಲಿ ಲಂಗದ ತುಂಡನ್ನು ಸವರಿದಳು. ಕಪ್ಪು ಕಲೆಯ ಮೇಲೆ ಅಂಗೈ ಇಟ್ಟಳು. ಸೂಜಿ ಅವಳ ಬೆರಳು ಕಂಡೊಡನೆ, ಸಾಕಿದ ಕರುವಿನಂತೆ ತಾನೇ ಬಂದು ಕೈಯೊಳಗೆ ಸೇರಿತು.

“ಕಾಶಿಬಾಯಿ,” ದೌಲತರಾಯ ಏದುಸಿರು ಬಿಟ್ಟ. “ನಿನ್ನ ಮಾಟಾ ತಗಿ. ಮೂಲಿಗಿ ಏನು ತುಂಬಬೇಕೋ ತುಂಬು. ನನ್ನ ದವಾಖಾನಿಗಿ ಒಯ್ರಿ.”

“ನೀನೂ ದವಾಖಾನಿಗಿ ಒಯ್ತೇನಿ ಅಂದಿದ್ದಿ,” ಅಂದಳು ಕಾಶಿಬಾಯಿ. ಮೊದಲಾದರೆ ಧಣ್ಯಾರ ಅನ್ನುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ. “ಮಾಟಾ ಅಂತೀರಿ ಎಲ್ಲಾರೂ. ನನ್ನ ಅಂಗಳಕ್ಕ ಕಲ್ಲು ಒಗದ್ರಿ. ನಾ ಏನೂ ಮಾಡಿಲ್ಲ. ಕೌದಿಗಿ ಉಣಸೂದು ಬಿಟ್ಟೇನಿ. ಅಷ್ಟ.”

ಆಮೇಲೆ ಅವಳ ಕಣ್ಣು ಅಮೀರನ ಕೈ ಮೇಲೆ ಬಿತ್ತು. ಎದ್ದು ಬಂದು ಅವನ ಮುಂದೆ ಕೂತಳು. ಹೊಲಿಗೆ ಬಿದ್ದ ಬೆರಳುಗಳನ್ನು ಎತ್ತಿ ಹಿಡಿದು, ತನ್ನದೇ ಕಸೂತಿ ನೋಡುವಂತೆ ತಿರುಗಿಸಿ ನೋಡಿದಳು. ಮೊದಲ ಸಲ ಅವಳ ಮುಖ ಬಾಡಿತು.

“ನೀ ಯಾರ ಮಗಾ ತಮ್ಮಾ?”

“ನನ್ನ ತಂಗಿ ಮಗಾ. ಆಳಂದದಂವ,” ಮದೀನಾಬಿ ಅಳುತ್ತ ಹೇಳಿದಳು. “ಕುಷನ್ ಕೆಲಸಾ ಮಾಡ್ತಾನವ್ವಾ. ಕೈ ಹೋದ್ರ ಏನೂ ಉಳಿಯಂಗಿಲ್ಲ ಅವಗ.”

ಕಾಶಿಬಾಯಿ ಅವನ ಬೆರಳಿನ ಹೊಲಿಗೆಗಳನ್ನು ಒಂದೊಂದಾಗಿ ಸವರಿದಳು. ತಗಡು ‘ಟಣ್’ ಎಂದಿತು.

“ನೀ ನಮಗೇನೂ ಮಾಡಿದಾವಲ್ಲ,” ಎಂದಳು ಕೊನೆಗೆ. “ಅದಕ್ಕ ನಿಂಗ ಖರೇ ಹೇಳ್ತೇನಿ. ಮೂಲಿಗಿ ರೊಟ್ಟಿ ಇಟ್ಟು ನಾ ಹೊಲದು ಮುಚ್ಚಿದ್ರ ದಾರ ಕಡೀತದ. ನಿನ್ನ ಕೈ ನಿಂಗ ಬರ್ತದ. ಅವನ ಜೀವಾ ಅವಗ ಬರ್ತದ. ಎರಡಕ್ಕೂ ಒಂದೇ ದಾರ. ಮುಚ್ಚದಿದ್ರ ಅವನ್ನ ತಿಂದು ಮುಗಿಸಿ ಸುಮ್ಮನಾಗ್ತದ. ನಿನ್ನ ಕೈನೂ ಅದರ ಕೂಡ ಹೋಗ್ತದ.” ಸೂಜಿಯನ್ನು ಬೆಳಕಿಗೆ ಹಿಡಿದಳು. “ನನ್ನ ಸಲುವಾಗಿ ನಾ ಹೊಲಿಯಂಗಿಲ್ಲ. ಅವನ ಸಲುವಾಗಿ ಅಂತೂ ಇಲ್ಲ. ನಿನ್ನ ಸಲುವಾಗಿ ಹೊಲೀತೇನಿ. ತುಂಬು ಅಂತ ಒಂದು ಮಾತು ನಿನ್ನ ಬಾಯಿಂದ ಬರಲಿ.”

ಮದೀನಾಬಿ ರೊಟ್ಟಿಯ ತುಣುಕನ್ನು, ಬೆಲ್ಲವನ್ನು ಅವನ ಬಲಗೈಗೆ ಇಟ್ಟಳು. “ಹೇಳು ಬೇಟಾ.”

“ಹೇಳಲೇ!” ಕಾರಿನೊಳಗಿಂದ ದನಿ ಬಂತು. “ತುಂಬು ಅನ್ನು! ಇನ್ನೇನು ನೋಡಾಕತ್ತಿ?”

ಅಮೀರ ಎದ್ದ. ತುಣುಕು ಹಿಡಿದುಕೊಂಡು ಕಾರಿನ ಹತ್ತಿರ ಬಂದ. ಹಸಿವಿಗೆ ಕಣ್ಣು ಕತ್ತಲಿಡುತ್ತಿತ್ತು. ಮೊಣಕೈ ಹತ್ತಿರ ಹೊಸ ಹೊಲಿಗೆ ಬಿತ್ತು. ಹೇಳಿಬಿಡಬೇಕು. ಒಂದೇ ಮಾತು. ನಾಲಿಗೆ ತುದಿಗೆ ಬಂದಿತ್ತು. ಆಳಂದದ ಅಂಗಡಿ, ಬೋರ್ಡು, ಶಟರು, ಈ ಎರಡು ಕೈ.

ಅವನ ಕಣ್ಣು ಬಿಳಿ ಸೀಟಿನ ಮೇಲೆ ಹೋಯಿತು. ಅದು ಈಗಲೂ ಖಾಲಿ ಇತ್ತು.

“ಸಾಹುಕಾರ್ರ,” ಅಂದ. “ಆಕಿ ಎಲ್ಲಿ ತನಕಾ ಜೀವಂತ ಇದ್ಳು?”

“ಅದೆಲ್ಲಾ ಈಗ್ಯಾಕಲೇ...”

ಕೌದಿ ಒಂದು ಮಡಿಕೆ ಬಿಗಿಯಿತು. ದೌಲತರಾಯನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

“ಭೀಮಾ ತನಕಾ. ದಂಡಿ ಮುಟ್ಟೂ ತನಕಾ ಇದ್ಳು. ನೀರು ನೀರು ಅಂತಿದ್ಳು.”

“ಬಾಟ್ಲಿ ಇದ್ದಿದ್ದಿಲ್ಲೇನ್ರಿ?”

“ಇತ್ತು. ಗಾಡಿ ಓಡೂ ಮುಂದ ಹ್ಯಾಂಗ ಕುಡಿಸೂದು? ಸೀಟಿನ ಮ್ಯಾಲೆಲ್ಲಾ ಚೆಲ್ಲತಿತ್ತು.”

ಮದೀನಾಬಿ ಅಳು ನಿಲ್ಲಿಸಿದಳು. ಬಾಗಿಲಲ್ಲಿ ನಿಂತ ಶಿವರಾಯ ನೆಲ ನೋಡಿದ. ಕಾಶಿಬಾಯಿ ಈ ಮಾತನ್ನು ಮೊದಲ ಸಲ ಕೇಳುತ್ತಿದ್ದಳು. ಅವಳ ಕೈಯಲ್ಲಿ ಸೂಜಿ ಅಲುಗಲಿಲ್ಲ. ತುಟಿ ಮಾತ್ರ ಒಮ್ಮೆ ತೆರೆದು, ನೀರು ಕುಡಿಯುವವರ ತುಟಿಯಂತೆ, ಮುಚ್ಚಿತು.

“ಹೇಳಲೇ ಹಡಶಿಮಗನೇ!” ದೌಲತರಾಯ ಅರಚಿದ. “ನಿನ್ನ ಕೈ ಹೋಗ್ತದ! ತುಂಬು ಅನ್ನು ಅಂತ ಹೇಳಾಕತ್ತೇನಿ!”

ಅಮೀರ ರೊಟ್ಟಿಯ ತುಣುಕನ್ನು ಕಾಶಿಬಾಯಿಯ ಉಡಿಯಲ್ಲಿ ಹಾಕಿದ. ಹೊಲಿದುಹೋದ ಎಡಗೈಯ ಅರಿವೆ ಹಲ್ಲಿನಿಂದ ಕಚ್ಚಿ ಬಿಚ್ಚಿದ. ತೊಗಲು ಸುಲಿದ ಅಂಗೈಯನ್ನು ಬಿಳಿ ಸೀಟಿನ ನಟ್ಟನಡುವೆ ಊರಿ, ಮೈಭಾರ ಹಾಕಿ ಒತ್ತಿದ. ಕಾರ್ಪೆಟ್ ಅಂಟಿಸುವಾಗ ಒತ್ತುತ್ತಾರಲ್ಲ, ಗಾಳಿ ಉಳಿಯದಂತೆ, ಹಾಗೆ. ರಕ್ತ ತೊಗಲಿನ ಹೊಲಿಗೆಗಳೊಳಗೆ ಇಳಿಯಿತು.

“ಹೇಳಂಗಿಲ್ಲ,” ಅಂದ.